ಸೂಜಿ ಹಿಡಿದವಳ ಕಡೆಯಿಂದ ಕೀಟ್ಸ್

ಕವಿ ತೀರಿಕೊಂಡು ಐವತ್ತೇಳು ವರ್ಷಗಳಾದ ಮೇಲೆ ಅವನ ಪ್ರೇಮಪತ್ರಗಳು ಅಚ್ಚಾದವು. ಅಂದಿನಿಂದ ಆ ಪತ್ರಗಳನ್ನು ಪಡೆದವಳ ಮೇಲೆ ಲೋಕದ ವಿಚಾರಣೆ ನಡೆದೇ ಇದೆ. ಜೇನ್ ಕ್ಯಾಂಪಿಯನ್ ಅವರ ‘ಬ್ರೈಟ್ ಸ್ಟಾರ್’ ನೋಡಿದವರ ಕಣ್ಣೀರು, ಬೇಸರ, ತಕರಾರುಗಳೆಲ್ಲ ಆ ವಿಚಾರಣೆಯ ಇತ್ತೀಚಿನ ಅಧ್ಯಾಯ.

ಪರದೆಯ ತುಂಬ ಒಂದು ಸೂಜಿಯ ಮೊನೆ ಕಾಣಿಸಿಕೊಳ್ಳುತ್ತದೆ. ಅದು ಬಟ್ಟೆಯ ಎಳೆಗಳ ನಡುವೆ ದಾರಿ ಮಾಡಿಕೊಂಡು ಮೇಲೆದ್ದು ದಾರವನ್ನು ತನ್ನ ಹಿಂದೆ ಎಳೆದುಕೊಂಡು ಹೋಗುವುದನ್ನು ಕ್ಯಾಮೆರಾ ಎಷ್ಟು ಹತ್ತಿರದಿಂದ ತೋರಿಸುತ್ತದೆಂದರೆ, ಹತ್ತಿಯ ನವಿರಾದ ಜುಂಗುಗಳೂ ಬೆಳಕಿನಲ್ಲಿ ಒಂದೊಂದಾಗಿ ಎಣಿಕೆಗೆ ಸಿಗುವಂತೆ ನಿಲ್ಲುತ್ತವೆ. ಇಂಗ್ಲಿಷಿನ ಮಹಾಕವಿಯೊಬ್ಬನ ಬದುಕನ್ನು ಕುರಿತ ಚಿತ್ರದ ಮೊದಲ ದೃಶ್ಯವಿದು. ಕವಿಯ ಲೇಖನಿ, ಮಸಿಕುಡಿಕೆ, ಹಾಳೆಗಳಿಗಿಂತ ಮೊದಲು ಕಿಟಕಿಯ ಬಳಿ ಕೂತ ಹುಡುಗಿಯೊಬ್ಬಳ ಹೊಲಿಗೆ ಪ್ರೇಕ್ಷಕನ ಕಣ್ಣಿಗೆ ಬೀಳುತ್ತದೆ.

ಫೆಬ್ರವರಿ 14ರ ಪ್ರೇಮಿಗಳ ದಿನ ಸಮೀಪಿಸಿದಾಗಲೆಲ್ಲ ನೋಡಬೇಕಾದ ಪ್ರೇಮಚಿತ್ರಗಳ ಮಾತು ಏಳುತ್ತದೆ, ಆ ಮಾತಿನಲ್ಲಿ ‘ಬ್ರೈಟ್ ಸ್ಟಾರ್’ ಹೆಸರೂ ಕೇಳಿಬರುತ್ತದೆ. ಅದಾದ ಒಂಬತ್ತನೆಯ ದಿನ, ಅಂದರೆ ಫೆಬ್ರವರಿ 23, ಜಾನ್ ಕೀಟ್ಸ್ ರೋಮ್ ನಗರದಲ್ಲಿ ಕ್ಷಯರೋಗದಿಂದ ತೀರಿಕೊಂಡ ದಿನ. 1821ರ ಆ ದಿನ ಅವನಿಗೆ ಇಪ್ಪತ್ತೈದು ವರ್ಷ. ಅವನನ್ನು ಮದುವೆಯಾಗಲೆಂದು ಲಂಡನ್ನಿನ ಅಂಚಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಕಾದು ಕೂತಿದ್ದ ಫ್ಯಾನಿ ಬ್ರಾನ್‌ಗೆ ಇಪ್ಪತ್ತು.

ಚಿತ್ರವು 2009ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ಮೊದಲು ತೆರೆ ಕಂಡಿತು. ಅದೇ ಉತ್ಸವದಲ್ಲಿ 1993ರಲ್ಲಿ ‘ದಿ ಪಿಯಾನೋ’ ಚಿತ್ರಕ್ಕಾಗಿ ಪರಮೋಚ್ಚ ಪ್ರಶಸ್ತಿಯಾದ ಪಾಮ್ ದೋರ್ ಅನ್ನು ಹಂಚಿಕೊಂಡು, ಆ ಗೌರವ ಪಡೆದ ಮೊದಲ ಮಹಿಳಾ ನಿರ್ದೇಶಕಿ ಎನಿಸಿಕೊಂಡಿದ್ದ ನ್ಯೂಜಿಲೆಂಡ್ ಮೂಲದ ಕ್ಯಾಂಪಿಯನ್ ಅವರು, ಆಂಡ್ರ್ಯೂ ಮೋಷನ್ ಅವರು 1997ರಲ್ಲಿ ಪ್ರಕಟಿಸಿದ ಕೀಟ್ಸ್ ಜೀವನಚರಿತ್ರೆಯನ್ನು ಓದಿ ಅದರಲ್ಲಿನ ಪ್ರೇಮಪ್ರಕರಣದ ಭಾಗಕ್ಕೆ ಮನಸೋತು ಚಿತ್ರಕಥೆಯನ್ನು ತಾವೇ ಬರೆದರು. ಕೀಟ್ಸ್‌ನಾಗಿ ಬೆನ್ ವಿಶಾ, ಫ್ಯಾನಿಯಾಗಿ ಆಬಿ ಕಾರ್ನಿಶ್, ಕವಿಯ ಗೆಳೆಯ ಚಾರ್ಲ್ಸ್ ಬ್ರೌನ್ ಆಗಿ ಪಾಲ್ ಷ್ನೈಡರ್ ನಟಿಸಿದರು.

ಕಥೆಯ ಎಲುಬು ಸರಳ. ತಂದೆಯನ್ನು 1810ರಲ್ಲಿಯೇ ಕ್ಷಯಕ್ಕೆ ಕಳೆದುಕೊಂಡು ತಾಯಿ, ತಮ್ಮ, ತಂಗಿಯರೊಡನೆ ಬದುಕುತ್ತಿದ್ದ, ತನ್ನ ಉಡುಪುಗಳನ್ನು ತಾನೇ ವಿನ್ಯಾಸ ಮಾಡಿ ಹೊಲಿದುಕೊಳ್ಳುತ್ತಿದ್ದ ಹದಿನೆಂಟರ ಹುಡುಗಿಗೆ, ವೈದ್ಯವೃತ್ತಿಯ ಪರವಾನಗಿ ಪಡೆದೂ ಅದನ್ನು ಬಿಟ್ಟು ಕವಿತೆಗೆ ಬಿದ್ದ, ವಿಮರ್ಶಕರ ಏಟು ತಿಂದ, ಕೈಯಲ್ಲಿ ಕಾಸಿಲ್ಲದ, ಕ್ಷಯ ಹಿಡಿದ ತಮ್ಮನ ಆರೈಕೆಯಲ್ಲಿ ಬಸವಳಿದ ಇಪ್ಪತ್ತಮೂರರ ಯುವಕನ ಪರಿಚಯವಾಗುತ್ತದೆ. 1818ರ ಡಿಸೆಂಬರ್ 1ರಂದು ಆ ತಮ್ಮ ಟಾಮ್ ಸಾಯುತ್ತಾನೆ. ಮುಂದಿನ ವರ್ಷ ಪ್ರೀತಿ, ಗುಟ್ಟಾದ ನಿಶ್ಚಯ, ಕವಿಯ ಶ್ರೇಷ್ಠ ಕವಿತೆಗಳು. ಅದರ ಮರುವರ್ಷ ರಕ್ತದ ಕೆಮ್ಮು, ಇಟಲಿಗೆ ಪ್ರಯಾಣ.

ಈ ಎಲುಬಿನ ಮೇಲೆ ಕ್ಯಾಂಪಿಯನ್ ತುಂಬಿದ ಮಾಂಸಮಜ್ಜೆಯ ಬಗ್ಗೆ ಪ್ರೇಕ್ಷಕರು ಒಮ್ಮತಕ್ಕೆ ಬಂದಿಲ್ಲ. ಒಂದು ಬಗೆಯ ನೋಡುಗರಿಗೆ ಇದು ಕಂಡ ಪ್ರೇಮಚಿತ್ರಗಳಲ್ಲೆಲ್ಲ ಅತ್ಯಂತ ಶುದ್ಧವಾದದ್ದು. ಇನ್ನೊಂದು ಬಗೆಯವರಿಗೆ ಎರಡು ತಾಸಿನಲ್ಲಿ ಏನೂ ನಡೆಯದ, ಕಿಟಕಿಯ ಪರದೆ ಗಾಳಿಗೆ ಆಡುವುದನ್ನೇ ಘಟನೆಯೆಂದು ತೋರಿಸುವ ಚಿತ್ರ. ಕೀಟ್ಸ್‌ನನ್ನು ಓದಿಕೊಂಡು ಬಂದವರಲ್ಲಿ ಕೆಲವರು ಕವಿಯೇ ಕಾಣಲಿಲ್ಲವೆಂದರೆ, ಓದದೆ ಬಂದವರಲ್ಲಿ ಎಷ್ಟೋ ಮಂದಿ ಚಿತ್ರ ಮುಗಿದ ಮೇಲೆ ಅವನ ಕವಿತೆಗಳನ್ನೂ ಪತ್ರಗಳನ್ನೂ ಹುಡುಕಿ ಓದಿದರು. ಕ್ಯಾಂಪಿಯನ್ ಅವರು ಬರೆದ ಮುನ್ನುಡಿಯೊಂದಿಗೆ ಕೀಟ್ಸ್‌ನ ಪತ್ರಗಳೂ ಕವಿತೆಗಳೂ ಚಿತ್ರದ ಹೆಸರಿನಲ್ಲೇ ಪುಸ್ತಕವಾಗಿಯೂ ಬಂದವು.

ಆದರೆ ಈ ಅಭಿಪ್ರಾಯಗಳ ಅಡಿಯಲ್ಲಿ ಇನ್ನೊಂದು ಹಳೆಯ ಪ್ರಶ್ನೆ ಕೂತಿದೆ. ‘ಆ ಹುಡುಗಿ ಅವನಿಗೆ ತಕ್ಕವಳೇ?’ ಎಂಬ ಆ ಪ್ರಶ್ನೆ ಸಿನಿಮಾ ಎಂಬ ಮಾಧ್ಯಮಕ್ಕಿಂತ ಹಳೆಯದು.

ಒಂದು ಸೂರು, ಎರಡು ಮನೆ
*ಚಿತ್ರದ ಕಥೆ ನಡೆಯುವ ವೆಂಟ್‌ವರ್ತ್ ಪ್ಲೇಸ್ ಹ್ಯಾಂಪ್‌ಸ್ಟೆಡ್‌ನಲ್ಲಿ 1814 ಮತ್ತು 1816ರ ನಡುವೆ ಕಟ್ಟಿದ ಕಟ್ಟಡ. ಹೊರಗಿನಿಂದ ಒಂದೇ ಮನೆಯಂತೆ ಕಂಡರೂ ನಡುಗೋಡೆಯಿಂದ ಎರಡಾಗಿದ್ದ ಅದರ ಒಂದು ಪಾಲಿನಲ್ಲಿ ಬ್ರೌನ್ ಜೊತೆ ಕೀಟ್ಸ್ ಇದ್ದ. 1819ರ ಏಪ್ರಿಲ್‌ನಿಂದ ಇನ್ನೊಂದು ಪಾಲಿನಲ್ಲಿ ಬ್ರಾನ್ ಕುಟುಂಬ ಬಾಡಿಗೆಗೆ ಬಂತು. ಆ ಮೇ ತಿಂಗಳಲ್ಲಿ ತೋಟದ ಪ್ಲಮ್ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೀಟ್ಸ್ ನೈಟಿಂಗೇಲ್ ಹಕ್ಕಿಯ ಕವಿತೆ ಬರೆದನೆಂದು ಬ್ರೌನ್ ಮುಂದೆ ನೆನಪಿಸಿಕೊಂಡ. ಕಟ್ಟಡ 1925ರಿಂದ ‘ಕೀಟ್ಸ್ ಹೌಸ್’ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಚಿತ್ರೀಕರಣ ಮಾತ್ರ ಅಲ್ಲಿ ನಡೆಯಲಿಲ್ಲ. ಲೂಟನ್ ಪಟ್ಟಣದ ಸಮೀಪದ ಹೈಡ್ ಹೌಸ್ ಅದರ ವೇಷ ಧರಿಸಿತು.*

ಕೀಟ್ಸ್ ಸತ್ತಾಗ ಫ್ಯಾನಿಯ ಹೆಸರು ಅವನ ಆಪ್ತವಲಯದ ಹೊರಗೆ ಯಾರಿಗೂ ತಿಳಿದಿರಲಿಲ್ಲ. ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ 1848ರಲ್ಲಿ ಪ್ರಕಟಿಸಿದ ಮೊದಲ ದೊಡ್ಡ ಜೀವನಚರಿತ್ರೆಯಲ್ಲಿಯೂ ಅವಳ ಹೆಸರಿಲ್ಲ. ಅವಳು 1833ರಲ್ಲಿ ಲೂಯಿಸ್ ಲಿಂಡೋ ಎಂಬುವನನ್ನು ಮದುವೆಯಾಗಿ, ಮೂವರು ಮಕ್ಕಳ ತಾಯಿಯಾಗಿ, ಬಹುಕಾಲ ಯುರೋಪಿನ ಊರುಗಳಲ್ಲಿ ಬದುಕಿ 1865ರಲ್ಲಿ ತೀರಿಕೊಂಡಳು; ಕವಿಯ ಪತ್ರಗಳನ್ನು ಮಾತ್ರ ಕೊನೆಯವರೆಗೂ ಜೋಪಾನವಾಗಿ ಇಟ್ಟುಕೊಂಡಿದ್ದು ಮಕ್ಕಳ ಕೈಗೆ ಒಪ್ಪಿಸಿದಳು.

ಹ್ಯಾರಿ ಬಕ್ಸ್ಟನ್ ಫೋರ್ಮನ್ 1878ರಲ್ಲಿ ಆ ಪತ್ರಗಳನ್ನು ಪುಸ್ತಕವಾಗಿ ಹೊರತಂದಾಗ ವಿಕ್ಟೋರಿಯಾ ಕಾಲದ ಇಂಗ್ಲೆಂಡಿಗೆ ಎರಡು ಆಘಾತಗಳಾದವು. ತಾವು ಆರಾಧಿಸುತ್ತಿದ್ದ ಕೋಮಲ ಕವಿ ಅಸೂಯೆಯಿಂದ ಕುದಿಯುವ, ಬೇಡುವ, ಚೀರುವ, ಪ್ರಿಯತಮೆ ನೃತ್ಯಕೂಟಕ್ಕೆ ಹೋದರೂ ಸಹಿಸಲಾರದ ರೋಗಿಯಾಗಿ ಕಂಡದ್ದು ಮೊದಲನೆಯದು. ಆ ನರಳಿಕೆಗೆ ಕಾರಣಳಾದವಳು ಯಾರೋ ಸಾಮಾನ್ಯ ಮಧ್ಯಮವರ್ಗದ, ಬಟ್ಟೆಬರೆಯ ಮೋಹದ ಹುಡುಗಿ ಎಂದು ತಿಳಿದದ್ದು ಎರಡನೆಯದು. ಮ್ಯಾಥ್ಯೂ ಆರ್ನಲ್ಡ್ 1880ರಲ್ಲಿ ಬರೆದ ಪ್ರಬಂಧದಲ್ಲಿ ಆ ಪತ್ರಗಳ ಧಾಟಿಯನ್ನು ಶಸ್ತ್ರವೈದ್ಯನ ಶಿಷ್ಯವೃತ್ತಿಯವನಿಗೆ ಒಪ್ಪುವಂಥದು ಎಂದು ಹೀಗಳೆದ. 1885ರಲ್ಲಿ ಅವು ಲಂಡನ್ನಿನಲ್ಲಿ ಹರಾಜಾದಾಗ ಆಸ್ಕರ್ ವೈಲ್ಡ್, ಒಬ್ಬನ ಹೃದಯವನ್ನು ಹರಾಜುಕಟ್ಟೆಯ ಮೇಲೆ ಇಟ್ಟದ್ದಕ್ಕೆ ನೊಂದು ಒಂದು ಸಾನೆಟ್ಟನ್ನೇ, ಅಂದರೆ ಹದಿನಾಲ್ಕು ಸಾಲಿನ ಅಷ್ಟಷಟ್ಪದಿಯನ್ನೇ ಬರೆದ.

ಈ ಗದ್ದಲದಲ್ಲೆಲ್ಲ ಒಂದು ಧ್ವನಿ ಕೇಳಲಿಲ್ಲ, ಕೇಳಲು ಸಾಧ್ಯವೂ ಇರಲಿಲ್ಲ. ಫ್ಯಾನಿ ಕೀಟ್ಸ್‌ಗೆ ಬರೆದ ಪತ್ರಗಳಲ್ಲಿ ಒಂದೂ ಉಳಿದುಬಂದಿಲ್ಲ. ರೋಮ್‌ಗೆ ಬಂದ ಕೊನೆಯ ಪತ್ರಗಳನ್ನು ಬಿಚ್ಚಿ ಓದುವ ತ್ರಾಣವಿಲ್ಲದ ಕವಿ ಅವನ್ನು ತನ್ನೊಂದಿಗೇ ಹೂಳಬೇಕೆಂದು ಕೇಳಿಕೊಂಡ, ಹಾಗೆಯೇ ಹೂಳಲಾಯಿತು. ಒಂದೇ ಕಡೆಯ ಪತ್ರಗಳನ್ನು ಓದಿ, ಇನ್ನೊಂದು ಕಡೆಯವಳು ಏನೂ ಬರೆದಿಲ್ಲವೆಂಬಂತೆ ಅವಳನ್ನು ತಣ್ಣನೆಯವಳೆಂದೂ ಚಂಚಲೆಯೆಂದೂ ಅರ್ಧ ಶತಮಾನ ನಿಂದಿಸಿದ್ದು ಸಾಹಿತ್ಯಚರಿತ್ರೆಯ ದೊಡ್ಡ ಅನ್ಯಾಯಗಳಲ್ಲಿ ಒಂದು.

ಆ ತೀರ್ಪು ಬದಲಾಗಲು 1936ರವರೆಗೆ ಕಾಯಬೇಕಾಯಿತು. ಆ ವರ್ಷ, ಫ್ಯಾನಿ ಬ್ರಾನ್ ಕವಿಯ ತಂಗಿಯಾದ ಇನ್ನೊಬ್ಬ ಫ್ಯಾನಿಗೆ 1820ರಿಂದ 1824ರವರೆಗೆ ಬರೆದ ಪತ್ರಗಳು ಪ್ರಕಟವಾದವು. ಅವುಗಳಲ್ಲಿ ಕಂಡವಳು ಪುಸ್ತಕ ಓದುವ, ನಾಟಕ ನೋಡುವ, ಚುರುಕಾಗಿ ಮಾತಾಡುವ, ಸತ್ತವನ ದುಃಖವನ್ನು ಅವನ ತಂಗಿಯೊಬ್ಬಳೊಡನೆ ಮಾತ್ರ ಹಂಚಿಕೊಂಡು ಉಳಿದವರೆದುರು ಬಾಯಿ ಬಿಗಿಹಿಡಿದ ಯುವತಿ.

ಕ್ಯಾಂಪಿಯನ್ ತಮ್ಮ ಕ್ಯಾಮೆರಾವನ್ನು ನಿಲ್ಲಿಸಿದ್ದು ಈ ಯುವತಿಯ ಬಳಿ. ಅಲ್ಲಿಂದ ಅವರು ಕೊನೆಯವರೆಗೂ ಅದನ್ನು ಕದಲಿಸಲಿಲ್ಲ. ಕವಿ ಲಂಡನ್ನಿಗೆ ಹೋದರೆ, ಐಲ್ ಆಫ್ ವೈಟ್ ದ್ವೀಪಕ್ಕೆ ಹೋದರೆ, ಇಟಲಿಗೆ ಹೋದರೆ ಚಿತ್ರ ಬಹುಮಟ್ಟಿಗೆ ಅವನ ಹಿಂದೆ ಹೋಗದೆ ಹ್ಯಾಂಪ್‌ಸ್ಟೆಡ್‌ನಲ್ಲೇ ಉಳಿಯುತ್ತದೆ. ಅವನು ಮುಂಬಾಗಿಲಿನಿಂದ ಬರಬಹುದು, ಅಂಚೆಯಲ್ಲಿ ಬರಬಹುದು, ಬಾರದೆಯೂ ಇರಬಹುದು.

ಚಿತ್ರ ನಿಧಾನವೆಂಬ ದೂರನ್ನು ಈ ಬೆಳಕಿನಲ್ಲಿ ನೋಡಬೇಕು. ದೂರು ಸುಳ್ಳಲ್ಲ. ಋತುಗಳು ಬದಲಾಗುತ್ತವೆ, ನೀಲಿ ಹೂಗಳ ಬಯಲು ಅರಳುತ್ತದೆ, ಬೆಕ್ಕೊಂದು ಎಲ್ಲರ ತೊಡೆಗಳ ಮೇಲೂ ಸರದಿಯಂತೆ ಮಲಗುತ್ತದೆ. ಘಟನೆಗಳೆಂದು ಎಣಿಸಬಹುದಾದವು ಕಡಿಮೆ. ಆದರೆ 1819ರ ಹದಿಹರೆಯದ ಹೆಣ್ಣೊಬ್ಬಳ ಪ್ರೀತಿಯಲ್ಲಿ ಪಾಲು ದೊಡ್ಡದಿದ್ದದ್ದು ಕಾಯುವಿಕೆಗೆ. ಅಂಚೆಯವನು ಬರುವ ಹೊತ್ತು, ಗೋಡೆಯ ಆಚೆಯ ಸದ್ದು, ತಾಯಿಯ ಅನುಮತಿ, ಎಂದೂ ಕೈಗೂಡದ ಹಣ, ಇವುಗಳ ನಡುವೆ ಅವಳ ದಿನಗಳು ಕಳೆದವು. ಈ ಕಾಲಮಾನವನ್ನು ಚುರುಕುಗೊಳಿಸಿದ್ದರೆ ಫ್ಯಾನಿಯ ಅನುಭವವೇ ಚಿತ್ರದಿಂದ ಹೊರಗುಳಿಯುತ್ತಿತ್ತು. ಬೇಸರಗೊಂಡ ಪ್ರೇಕ್ಷಕ ಚಿತ್ರವನ್ನು ತಪ್ಪಾಗಿ ನೋಡಿದನೆಂದು ಹೇಳುವುದಕ್ಕಿಂತ, ಅವಳು ಕಳೆದ ಆ ಹೊತ್ತನ್ನು ಅವನೂ ಕಳೆದನೆಂದು ಹೇಳುವುದು ಸತ್ಯಕ್ಕೆ ಹತ್ತಿರ.

ನಡುಗೋಡೆಯ ದೃಶ್ಯವನ್ನು ನೋಡುಗರು ಮತ್ತೆ ಮತ್ತೆ ನೆನೆಯುವುದೂ ಇದಕ್ಕಾಗಿಯೇ. ಗೋಡೆಯ ಈ ಬದಿ ಅವಳು, ಆ ಬದಿ ಅವನು. ಇಬ್ಬರೂ ಅಂಗೈಗಳನ್ನು ಸುಣ್ಣದ ಗೋಡೆಗೆ ಒತ್ತಿ ನಿಲ್ಲುತ್ತಾರೆ, ಅಷ್ಟೆ. ಮುತ್ತುಗಳಿಂದಾಚೆಗೆ ಹೆಚ್ಚೇನನ್ನೂ ತೋರಿಸದ ಈ ಚಿತ್ರದಲ್ಲಿ ಮೈಗಳ ಹಂಬಲ ಕಡಿಮೆಯಾಯಿತೆಂದು ಗೊಣಗಿದವರೂ ಈ ದೃಶ್ಯದ ಮುಂದೆ ಸುಮ್ಮನಾಗಿದ್ದಾರೆ.

ಚಿಟ್ಟೆಗಳ ಪ್ರಸಂಗವೂ ಅಂಥದೇ. 1819ರ ಜುಲೈ ಮೊದಲಲ್ಲಿ ಬರೆದ ಪತ್ರವೊಂದರಲ್ಲಿ, ತಾವಿಬ್ಬರೂ ಚಿಟ್ಟೆಗಳಾಗಿ ಬೇಸಿಗೆಯ ಮೂರೇ ದಿನ ಬದುಕಿದರೂ ಐವತ್ತು ಮಾಮೂಲಿ ವರ್ಷಗಳಿಗಿಂತ ಹೆಚ್ಚಿನ ಆನಂದ ಅದರಲ್ಲಿ ತುಂಬಬಲ್ಲೆನೆಂಬ ಅರ್ಥದ ಮಾತನ್ನು ಕೀಟ್ಸ್ ಬರೆದಿದ್ದ. ಚಿತ್ರದಲ್ಲಿ ಫ್ಯಾನಿ ಆ ಕಾಗದ ಓದಿಕೊಂಡು ತಮ್ಮ, ತಂಗಿಯರ ಜೊತೆ ಚಿಟ್ಟೆಗಳನ್ನು ಹಿಡಿದು ತಂದು ಮಲಗುವ ಕೋಣೆಯ ತುಂಬ ಬಿಡುತ್ತಾಳೆ. ಮುಂದಿನ ಪತ್ರ ತಡವಾದಾಗ ಸತ್ತ ಚಿಟ್ಟೆಗಳನ್ನು ಗುಡಿಸಬೇಕಾಗುತ್ತದೆ. ಕವಿಯ ಉಪಮೆಯೊಂದು ಓದಿದವಳ ಮನೆಯಲ್ಲಿ ನಿಜವಾಗಿ ಹಾರಿ, ನಿಜವಾಗಿ ಸತ್ತು, ಕಸವಾಗುವ ಈ ಕ್ರಮದಲ್ಲಿ ಪತ್ರ ಬರೆಯುವವನಿಗೂ ಪತ್ರಕ್ಕೆ ಕಾಯುವವಳಿಗೂ ಇರುವ ವ್ಯತ್ಯಾಸ ಪೂರ್ತಿಯಾಗಿ ಮೂಡಿದೆ.

ಅತಿ ಹೆಚ್ಚು ಜಗಳ ಎದ್ದಿರುವುದು ಹೊಲಿಗೆಯ ಬಗ್ಗೆ. ಕವಿಯ ಪಕ್ಕದಲ್ಲಿ ದರ್ಜಿಯ ಕೆಲಸವನ್ನು ಸರಿಸಮನಾಗಿ ಕೂರಿಸಿದ್ದು ಇಂದಿನ ಸ್ತ್ರೀವಾದದ ಒತ್ತಾಯದ ಹೊಲಿಗೆಯೆಂದು ಕೆಲವರ ತಕರಾರು. ಮೂರು ಪದರ ನೆರಿಗೆಯ ಕೊರಳಪಟ್ಟಿ, ಕಡುಗೆಂಪು ಟೋಪಿ, ಹೊಸ ಬಗೆಯ ತೋಳು, ಇವೆಲ್ಲ ಹ್ಯಾಂಪ್‌ಸ್ಟೆಡ್‌ನ ಹಳ್ಳಿಹಾದಿಗೆ ಅತಿಯಾದವೆಂದು ಇನ್ನು ಕೆಲವರ ಆಕ್ಷೇಪ.

ಆದರೆ ಇಲ್ಲಿ ಚಿತ್ರಕ್ಕೆ ಚರಿತ್ರೆಯ ಆಧಾರವಿದೆ. ಫ್ಯಾನಿಗೆ ಉಡುಪಿನ ವಿಷಯದಲ್ಲಿ ಗಂಭೀರವಾದ ಆಸಕ್ತಿಯಿತ್ತು; ಅವಳ ಸೊಗಸುಗಾರಿಕೆಯನ್ನು ಕೀಟ್ಸ್ 1818ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿದ್ದ ತಮ್ಮ ಜಾರ್ಜ್ ದಂಪತಿಗೆ ಬರೆದ ದೀರ್ಘ ಪತ್ರದಲ್ಲಿ ಮೆಚ್ಚುಗೆ, ಕೀಟಲೆ ಎರಡೂ ಬೆರೆತ ಧಾಟಿಯಲ್ಲಿ ವರ್ಣಿಸಿದ್ದ. ಹಳೆಯ ನಿಂದಕರು ಇದೇ ಆಸಕ್ತಿಯನ್ನು ಅವಳ ಹಗುರತನಕ್ಕೆ ಸಾಕ್ಷಿಯೆಂದು ಬಳಸಿದರು. ಕ್ಯಾಂಪಿಯನ್ ಅದೇ ಸಾಕ್ಷಿಯನ್ನು ಕೈಗೆತ್ತಿಕೊಂಡು, ಅದರಲ್ಲಿರುವ ಕೌಶಲ, ತಾಳ್ಮೆ, ಲೆಕ್ಕಾಚಾರ, ಕಲ್ಪನೆಗಳನ್ನು ತೋರಿಸಿ ಅದನ್ನು ಕಲೆಯೆಂದು ಕಾಣುವಂತೆ ಮಾಡಿದರು.

ಟಾಮ್ ಸತ್ತಾಗ ಅವಳು ರಾತ್ರಿಯೆಲ್ಲ ಕೂತು ದಿಂಬಿನ ಗವಸೊಂದಕ್ಕೆ ಕಸೂತಿ ಹಾಕುತ್ತಾಳೆ. ಸಾಂತ್ವನದ ಮಾತುಗಳು ಸಿಗದ ಹುಡುಗಿಗೆ ಎಳೆಗಳು ಸಿಗುತ್ತವೆ. ಸತ್ತವನ ತಲೆಯ ಕೆಳಗೆ ಅದನ್ನು ಇಡಲಾಗುತ್ತದೆ. ಇದನ್ನು ನೋಡಿದ ಮೇಲೂ ಹೊಲಿಗೆ ಇಲ್ಲಿ ಅಲಂಕಾರಕ್ಕೆ ಬಂದಿದೆ ಎನ್ನುವುದು ಕಷ್ಟ. ವಸ್ತ್ರವಿನ್ಯಾಸಕಿ ಜಾನೆಟ್ ಪ್ಯಾಟರ್ಸನ್ ಅವರಿಗೆ ಈ ಚಿತ್ರ ಆಸ್ಕರ್ ನಾಮನಿರ್ದೇಶನ ತಂದಿತು. ಆ ಚಿತ್ರಕ್ಕೆ ಆಸ್ಕರ್‌ನಲ್ಲಿ ದೊರೆತ ಮನ್ನಣೆ ಅದೊಂದೇ, ಅದೂ ಸೂಜಿಯ ಪಾಲಿಗೆ.

ಎರಡು ವರ್ಷದ ಪ್ರೀತಿ, ಮೂರು ಪುಸ್ತಕದ ಬಾಳು
*ಕೀಟ್ಸ್ ಬದುಕಿದ್ದಾಗ ಪ್ರಕಟವಾದವು ಮೂರೇ ಪುಸ್ತಕಗಳು: 1817, 1818 ಮತ್ತು 1820ರಲ್ಲಿ. ಎರಡನೆಯದಾದ ‘ಎಂಡಿಮಿಯನ್’ ಅನ್ನು ‘ಬ್ಲ್ಯಾಕ್‌ವುಡ್ಸ್’ ಮತ್ತು ‘ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಗಳು ಕಟುವಾಗಿ ಹಳಿದವು. 1816ರಲ್ಲಿ ಔಷಧವೃತ್ತಿಯ ಪರವಾನಗಿ ಪಡೆದಿದ್ದ ಅವನು 1820ರ ಫೆಬ್ರವರಿ 3ರ ರಾತ್ರಿ ಕೆಮ್ಮಿನಲ್ಲಿ ಬಂದ ರಕ್ತದ ಬಣ್ಣವನ್ನು ಮೇಣದಬತ್ತಿಯ ಬೆಳಕಿನಲ್ಲಿ ನೋಡಿ, ಅದು ಅಪಧಮನಿಯ ರಕ್ತವೆಂದೂ ತನಗೆ ಸಾವು ನಿಶ್ಚಿತವೆಂದೂ ತಾನೇ ಗುರುತಿಸಿದ. ಅಜ್ಜ ಬಿಟ್ಟುಹೋದ ಹಣದಲ್ಲಿ ಅವನ ಪಾಲಿಗೆ ಬರಬೇಕಾಗಿದ್ದ ಒಂದು ಭಾಗ ನ್ಯಾಯಾಲಯದ ವಶದಲ್ಲಿತ್ತು. ಬಡತನದಿಂದ ಮದುವೆ ಮುಂದೂಡಿದ ಕವಿಗೆ ಅದರ ಸುಳಿವೇ ಇರಲಿಲ್ಲ.*

ಬ್ರೌನ್ ಪಾತ್ರವನ್ನು ಕುರಿತ ಅಭಿಪ್ರಾಯಗಳೂ ಒಡೆದಿವೆ. ಷ್ನೈಡರ್ ಅವರ ಅಭಿನಯಕ್ಕೆ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ವಿಮರ್ಶಕರ ಸಂಘದ ಪೋಷಕ ನಟ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಆದರೂ ಕವಿಯನ್ನು ಮನೆಯಲ್ಲಿಟ್ಟುಕೊಂಡು ಸಾಕಿದ, ಅವನ ಹಸ್ತಪ್ರತಿಗಳನ್ನು ನಕಲು ಮಾಡಿ ಉಳಿಸಿದ ಗೆಳೆಯ ಇಲ್ಲಿ ಒರಟನಾಗಿ, ಫ್ಯಾನಿಯನ್ನು ಕೆಣಕುವವನಾಗಿ ಕಾಣುತ್ತಾನೆಂಬ ಅಸಮಾಧಾನ ಕೀಟ್ಸ್ ಓದುಗರಲ್ಲಿ ಇದೆ. ಚಿತ್ರವನ್ನು ಗಮನವಿಟ್ಟು ನೋಡಿದರೆ ಅವನದೂ ಒಂದು ಪ್ರೀತಿಯೇ ಎಂಬುದು ಕಾಣುತ್ತದೆ. ಕವಿತೆಗೆ ಬೇಕಾದ ಏಕಾಂತವನ್ನು ಕಾಯಲು ಬಾಗಿಲಲ್ಲಿ ನಿಂತವನಿಗೆ, ಒಳಗೆ ಬರಬಯಸುವ ಪ್ರತಿಯೊಬ್ಬರೂ ಶತ್ರುವಾಗಿ ಕಾಣುವುದು ಸಹಜ. ಇಟಲಿಗೆ ಗೆಳೆಯನ ಜೊತೆ ಹೋಗದೆ ಉಳಿದ ಅವನು ತಾನು ಸೋತೆನೆಂದು ಕೂಗಿಕೊಳ್ಳುವ ದೃಶ್ಯ ಅವನ ಮೇಲಿನ ಎಲ್ಲ ಸಿಟ್ಟನ್ನೂ ಮರುಕವಾಗಿ ತಿರುಗಿಸುತ್ತದೆ.

ಚಿತ್ರದ ನಿಜವಾದ ಕೊರತೆ ಬೇರೆ ಕಡೆ ಇದೆ. 1820ರ ಬೇಸಿಗೆಯಲ್ಲಿ ಕೀಟ್ಸ್ ಫ್ಯಾನಿಗೆ ಬರೆದ ಪತ್ರಗಳು ಓದಲು ಹಿಂಸೆಯಾಗುವಷ್ಟು ಸಂಶಯದಿಂದ ತುಂಬಿವೆ. ಅವಳು ಯಾರನ್ನು ನೋಡಿ ನಕ್ಕಳು, ಯಾರ ಜೊತೆ ಮಾತಾಡಿದಳು, ತನ್ನ ಹೊರತು ಅವಳಿಗೆ ಬದುಕು ಹೇಗೆ ಸಾಧ್ಯ ಎಂಬ ಪ್ರಶ್ನೆಗಳಿಂದ ಅವನು ಅವಳನ್ನು ಚುಚ್ಚುತ್ತಾನೆ. ಬೆನ್ ವಿಶಾ ಅವರ ಕೀಟ್ಸ್ ಇಷ್ಟು ಕಹಿಯಾಗುವುದಿಲ್ಲ. ಅವನು ಮೃದು, ಸೋತವನು, ಗಾಳಿಗೆ ಬಾಗುವವನು.

ಇದರಿಂದ ನಷ್ಟವಾದದ್ದು ಫ್ಯಾನಿಗೆ. ಸೌಮ್ಯನಾದ ಪ್ರೇಮಿಗಾಗಿ ಕಾಯುವುದು ಸುಲಭ. ಇಪ್ಪತ್ತು ತುಂಬುವ ಮೊದಲೇ, ಸಾಯುತ್ತಿರುವ ಮನುಷ್ಯನೊಬ್ಬನ ಸಂಶಯದ ಮಾತುಗಳನ್ನು ಕಾಗದದಲ್ಲಿ ಪಡೆದು, ಅದರ ಹಿಂದಿರುವ ಭಯವನ್ನು ಅರ್ಥಮಾಡಿಕೊಂಡು, ಆ ಕಾಗದಗಳನ್ನು ಹರಿದೆಸೆಯದೆ ನಾಲ್ಕು ದಶಕ ಕಾಪಾಡಿದ ಹೆಣ್ಣಿನ ಮನೋಬಲ ಎಷ್ಟಿತ್ತೆಂಬುದನ್ನು ಚಿತ್ರ ಪೂರ್ತಿ ಅಳೆಯಲಿಲ್ಲ. ಅವಳ ಪರವಾಗಿ ನಿಂತ ಚಿತ್ರವೇ ಅವಳ ಪರವಾದ ಅತಿ ಬಲವಾದ ಸಾಕ್ಷ್ಯವನ್ನು ಬಿಟ್ಟುಕೊಟ್ಟಿತು.

ಕವಿಯ ರಾಜಕೀಯ ಒಲವು, ಗೈಸ್ ಆಸ್ಪತ್ರೆಯ ತರಬೇತಿ, ಗೆಳೆಯರ ವಲಯ ಚಿತ್ರದಲ್ಲಿ ಬರೀ ಹಾದುಹೋಗುತ್ತವೆ. ಫ್ಯಾನಿಯ ಕಣ್ಣಿಗೆ ಬಿದ್ದಷ್ಟೇ ಬೀಳಲಿ ಎಂಬ ನಿಯಮಕ್ಕೆ ಅದು ಹೊಂದುತ್ತದೆ.

ಕನ್ನಡದ ಓದುಗನಿಗೆ ಈ ಬದಲಾದ ದಿಕ್ಕು ವಿಶೇಷವಾಗಿ ಹೊಸತು. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ತೆರೆದ ದಾರಿಯಲ್ಲಿ ನಡೆದ ನವೋದಯದ ಕವಿಗಳಿಗೆ ಇಂಗ್ಲಿಷಿನ ರಮ್ಯ ಸಂಪ್ರದಾಯ ಮನೆಯ ಮಾತಾಗಿತ್ತು. ಒಂದು ವಸ್ತುವನ್ನೋ ಭಾವವನ್ನೋ ಸಂಬೋಧಿಸಿ ಗಂಭೀರವಾಗಿ ಬೆಳೆಯುವ ‘ಓಡ್’ ಎಂಬ ಕಾವ್ಯರೂಪ ಇಲ್ಲಿ ‘ಪ್ರಗಾಥ’ ಎಂಬ ಹೆಸರು ಪಡೆಯಿತು. ಕಾಲೇಜಿನ ಇಂಗ್ಲಿಷ್ ತರಗತಿಗಳಲ್ಲಿ ತಲೆಮಾರುಗಳು ಕೀಟ್ಸ್‌ನ ಪ್ರಗಾಥಗಳನ್ನು ಪಠ್ಯವಾಗಿ ಓದಿದವು. ಆ ಓದಿನಲ್ಲಿ ಫ್ಯಾನಿ ಬ್ರಾನ್‌ಗೆ ಸಿಕ್ಕಿದ್ದು ಅಡಿಟಿಪ್ಪಣಿಯ ಜಾಗ. ಅಡಿಟಿಪ್ಪಣಿಯಿಂದ ಎದ್ದುಬಂದು ಪುಟದ ನಡುವೆ ಕೂತವಳನ್ನು ನೋಡುವಾಗ ಆಗುವ ಅಚ್ಚರಿಯನ್ನು ಆ ತರಗತಿಗಳಲ್ಲಿ ಕೂತವರು ಇತರರಿಗಿಂತ ಚೆನ್ನಾಗಿ ಬಲ್ಲರು.

ಕವಿತೆಯನ್ನು ಪರದೆಗೆ ತರುವ ಬಗ್ಗೆ ಎದ್ದ ಪ್ರಶ್ನೆ ಎಲ್ಲಕ್ಕಿಂತ ಗಹನವಾದದ್ದು. ಕೀಟ್ಸ್ ಕುರಿತು 1974ರಲ್ಲಿಯೇ ಮಹತ್ವದ ಗ್ರಂಥ ಬರೆದಿದ್ದ ವಿಮರ್ಶಕ ಕ್ರಿಸ್ಟೋಫರ್ ರಿಕ್ಸ್ ಅವರು, ಓದುಗನ ಮನಸ್ಸಿನಲ್ಲಿ ಮೂಡಬೇಕಾದುದನ್ನು ಚಿತ್ರ ಕಣ್ಣೆದುರು ತಂದಿಟ್ಟಾಗ ಪದಗಳ ಕೆಲಸ ಕುಂದುತ್ತದೆಂಬ ನೆಲೆಯಿಂದ ಈ ಚಿತ್ರವನ್ನು ತೀವ್ರವಾಗಿ ವಿಮರ್ಶಿಸಿದರು. ಕವಿತೆಯ ಸಾಲು ಕೇಳುತ್ತಿರುವಾಗಲೇ ಹೂವನ್ನೋ ಮರವನ್ನೋ ತೋರಿಸಿಬಿಟ್ಟರೆ ಕೇಳುಗನ ಕಲ್ಪನೆಗೆ ಉಳಿಯುವುದೇನು ಎಂಬ ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಚಿತ್ರದ ಕೆಲವು ಕಡೆಗಳಲ್ಲಿ ಅದು ನೇರವಾಗಿ ತಾಗುತ್ತದೆ.

ಆದರೆ ಚಿತ್ರಕ್ಕೆ ಈ ಅಪಾಯದ ಅರಿವಿದ್ದಂತಿದೆ. ಕವಿತೆ ಅರ್ಥವಾಗುವುದು ಹೇಗೆಂದು ಫ್ಯಾನಿ ಕೇಳಿದಾಗ, ಕೆರೆಗೆ ಧುಮುಕುವವನು ಕೂಡಲೇ ದಡ ಸೇರುವ ಆತುರ ಪಡದೆ ನೀರಿನಲ್ಲಿಯೇ ಇದ್ದು ಅದನ್ನು ಅನುಭವಿಸುವಂತೆ ಎಂಬ ಹೋಲಿಕೆಯನ್ನು ಕೀಟ್ಸ್ ಕೊಡುತ್ತಾನೆ. ಈ ಮಾತು ಪ್ರೇಕ್ಷಕರಿಗೆ ಎಷ್ಟು ಹಿಡಿಸಿತೆಂದರೆ, ಕ್ಯಾಂಪಿಯನ್ ಅವರ ಚಿತ್ರಕಥೆಯಲ್ಲಿ ಹುಟ್ಟಿದ ಅದು ಇಂದು ಅನೇಕ ಕಡೆ ಕವಿಯೇ ಬರೆದ ಮಾತೆಂದು ಉಲ್ಲೇಖಗೊಳ್ಳುತ್ತಿದೆ. ಉಲ್ಲೇಖ ತಪ್ಪಾದರೂ ಭಾವ ದೂರದ್ದಲ್ಲ: ಅನಿಶ್ಚಿತತೆ, ನಿಗೂಢ, ಸಂಶಯಗಳ ನಡುವೆ ಕಾರಣಕ್ಕಾಗಿ ತಡಕಾಡದೆ ನೆಲೆಸಿರಬಲ್ಲ ಶಕ್ತಿಯನ್ನು ಕೀಟ್ಸ್ 1817ರ ಡಿಸೆಂಬರಿನ ಪತ್ರವೊಂದರಲ್ಲಿ ‘ನೆಗೆಟಿವ್ ಕೇಪಬಿಲಿಟಿ’ ಎಂದು ಕರೆದಿದ್ದ. ಕೆರೆಯ ಹೋಲಿಕೆ ಆ ಕಠಿಣ ಪರಿಭಾಷೆಯನ್ನು ಹದಿನೆಂಟರ ಹುಡುಗಿಗೆ ಹೇಳಿದ ರೀತಿ.

ಚಿತ್ರದ ಹೆಸರೇ ಆದ ಸಾನೆಟ್ಟಿನ ವಿಷಯವೂ ಹೀಗೆ ಸ್ವಾರಸ್ಯಕರ. ಇಟಲಿಗೆ ಹೊರಟ ಹಡಗಿನಲ್ಲಿ ಕವಿ ಅದನ್ನು ಷೇಕ್ಸ್‌ಪಿಯರನ ಕವಿತೆಗಳ ಪ್ರತಿಯೊಂದರ ಖಾಲಿ ಪುಟದಲ್ಲಿ ಬರೆದದ್ದರಿಂದ ಅದೇ ಅವನ ಕೊನೆಯ ಕವಿತೆಯೆಂದು ಬಹುಕಾಲ ನಂಬಲಾಗಿತ್ತು. ಮೊದಲ ಕರಡು ಅದಕ್ಕಿಂತ ಹಿಂದಿನದೆಂದು ಆಮೇಲೆ ತಿಳಿಯಿತು. ಕೀಟ್ಸ್ ತನಗೆ ಕೊಟ್ಟ ಡಾಂಟೆ ಕಾವ್ಯದ ಪುಸ್ತಕದಲ್ಲಿ ಫ್ಯಾನಿ ಅದನ್ನು ತನ್ನ ಕೈಯಿಂದ ನಕಲು ಮಾಡಿಕೊಂಡಿದ್ದಳು.

ಕವಿಯ ಸಾವನ್ನು ಚಿತ್ರ ತೋರಿಸುವುದಿಲ್ಲ. ರೋಮ್‌ನ ಸ್ಪ್ಯಾನಿಷ್ ಮೆಟ್ಟಿಲುಗಳ ಪಕ್ಕದ ಮನೆಯಿಂದ ಶವಪೆಟ್ಟಿಗೆ ಹೊರಬರುವ, ಜನರಿಲ್ಲದ ಚೌಕವನ್ನು ದಾಟುವ ಒಂದೇ ಒಂದು ದೃಶ್ಯ ಇಟಲಿಗೆ ಮೀಸಲಾಗಿದೆ. ಗೆಳೆಯ ಸೆವೆರ್ನ್ ಮಾಡಿದ ಶುಶ್ರೂಷೆ, ಆ ಮೂರು ತಿಂಗಳ ಯಾತನೆ, ಹೆಸರಿಲ್ಲದ ಸಮಾಧಿಯ ಕಲ್ಲು ಕಾಣಲಿಲ್ಲವೆಂದು ನಿರಾಶರಾದವರು ಇದ್ದಾರೆ. ಆದರೆ ಫ್ಯಾನಿಗೂ ಅವು ಕಾಣಲಿಲ್ಲ. ಸಾವಿನ ಸುದ್ದಿ ಹ್ಯಾಂಪ್‌ಸ್ಟೆಡ್ ತಲುಪಲು ಸುಮಾರು ಮೂರು ವಾರ ಹಿಡಿಯಿತು. ಅಷ್ಟೂ ದಿನ ಅವಳು ಸತ್ತವನಿಗಾಗಿ ಕಾದಳು.

ಬ್ರೌನ್ ಬಾಯಿಂದ ಸುದ್ದಿ ಕೇಳಿದವಳು ಮೊದಲು ಅಲುಗದೆ ನಿಲ್ಲುತ್ತಾಳೆ, ಆಮೇಲೆ ಮೆಟ್ಟಿಲ ಬಳಿ ಕುಸಿದು, ಉಸಿರು ಸಿಗದೆ, ತಾಯಿಯನ್ನು ಕೂಗುತ್ತಾಳೆ. ಆಬಿ ಕಾರ್ನಿಶ್ ಅವರ ಈ ಅಳುವಿನ ಬಗ್ಗೆ ಪ್ರೇಕ್ಷಕರಲ್ಲಿ ಅಪರೂಪದ ಸಹಮತವಿದೆ. ಚಿತ್ರದ ಉಳಿದದ್ದನ್ನು ಮೆಚ್ಚದವರೂ ಇದನ್ನು ಮರೆತಿಲ್ಲ. ಎರಡು ತಾಸು ಅದುಮಿಟ್ಟ ಎಲ್ಲವೂ ಸೊಗಸಿನ ಹಂಗಿಲ್ಲದೆ, ಪ್ರಾಣಿಯೊಂದರ ಉಬ್ಬಸದಂತೆ ಹೊರಬರುವ ಆ ಅರೆನಿಮಿಷಕ್ಕೆ ಹಿಂದಿನ ನಿಧಾನವೆಲ್ಲ ಬೇಕಾಗಿತ್ತು.

ಆಮೇಲೆ ಅವಳು ಕೂದಲು ಕತ್ತರಿಸಿಕೊಳ್ಳುತ್ತಾಳೆ. ಶೋಕದ ಕಪ್ಪು ಉಡುಪನ್ನು, ಬೇರೆ ಎಲ್ಲ ಉಡುಪುಗಳಂತೆಯೇ, ತಾನೇ ಹೊಲಿದುಕೊಳ್ಳುತ್ತಾಳೆ. ಹಿಮ ಬಿದ್ದ ಬಯಲಿನಲ್ಲಿ ಆ ಸಾನೆಟ್ಟನ್ನು ಬಾಯಿಪಾಠವಾಗಿ ಹೇಳಿಕೊಳ್ಳುತ್ತ ನಡೆದುಹೋಗುತ್ತಾಳೆ.

ಉಂಗುರ
*ಕೀಟ್ಸ್ ನಿಶ್ಚಯದ ಗುರುತಾಗಿ ಕೊಟ್ಟ ಕೆಂಪು ಕಲ್ಲಿನ ಉಂಗುರವನ್ನು ಫ್ಯಾನಿ ಜೀವನಪೂರ್ತಿ ಧರಿಸಿದ್ದಳು. ಅದು ಈಗ ಹ್ಯಾಂಪ್‌ಸ್ಟೆಡ್‌ನ ಕೀಟ್ಸ್ ಹೌಸ್‌ನಲ್ಲಿದೆ. ರೋಮ್‌ನಲ್ಲಿ ಅವನು ಕೊನೆಯುಸಿರೆಳೆದ ಮನೆಯೂ 1909ರಿಂದ ವಸ್ತುಸಂಗ್ರಹಾಲಯವಾಗಿದ್ದು, ಕೀಟ್ಸ್-ಷೆಲ್ಲಿ ಹೌಸ್ ಎಂದು ಹೆಸರಾಗಿದೆ.*

ಪರದೆ ಕಪ್ಪಾದ ಮೇಲೂ ಚಿತ್ರ ನಿಲ್ಲುವುದಿಲ್ಲ. ತಂತ್ರಜ್ಞರ ಹೆಸರುಗಳು ಮೇಲೇಳುತ್ತಿರುವಂತೆ ಬೆನ್ ವಿಶಾ ಅವರ ಧ್ವನಿ ನೈಟಿಂಗೇಲ್ ಹಕ್ಕಿಯ ಪ್ರಗಾಥವನ್ನು ವಾಚಿಸತೊಡಗುತ್ತದೆ. ಎದ್ದು ಹೋಗಲು ಹೊರಟವರು ಮತ್ತೆ ಕೂತದ್ದನ್ನು, ಕೊನೆಯ ಹೆಸರು ಮರೆಯಾಗುವವರೆಗೂ ಕದಲದೆ ಉಳಿದದ್ದನ್ನು ಚಿತ್ರ ನೋಡಿದ ಅನೇಕರು ಹೇಳಿಕೊಂಡಿದ್ದಾರೆ. ಇಲ್ಲಿ ಕವಿತೆಗೆ ಅಡ್ಡಬರಲು ಮರವಿಲ್ಲ, ಹಕ್ಕಿಯಿಲ್ಲ, ನಟರ ಮುಖವಿಲ್ಲ. ರಿಕ್ಸ್ ಅವರು ಕವಿತೆಗಾಗಿ ಬಯಸಿದ ಬರಿದಾದ ಜಾಗ ಕೊನೆಗೂ ಅದಕ್ಕೆ ಸಿಕ್ಕಿದೆ. ಆ ಕಪ್ಪಿನ ಮೇಲೆ, ಕವಿಯ ಪದಗಳ ಜೊತೆಗೇ, ಚಿತ್ರಕ್ಕಾಗಿ ಬಟ್ಟೆ ಕತ್ತರಿಸಿ ಹೊಲಿದವರ ಹೆಸರುಗಳು ಒಂದರ ಹಿಂದೊಂ‌ದಾಗಿ ಸರಿದುಹೋಗುತ್ತವೆ.